ಮೂರು ಗಂಟೆ ಹದಿನೆಂಟು ನಿಮಿಷ

ನಮ್ಮ ಮನೆಯವರನ್ನು ಈ ಸುತ್ತಿನಲ್ಲಿ ಯಾರೂ ‘ಗಂಟೆ ಎಷ್ಟಾಯ್ತು ಭಟ್ರೇ’ ಎಂದು ಸುಮ್ಮನೆ ಕೇಳುವುದಿಲ್ಲ. ಕೇಳಿದರೆ ಗಂಟೆಯ ಬೆನ್ನಿಗೇ ತಿಥಿ, ನಕ್ಷತ್ರ, ರಾಹುಕಾಲಕ್ಕೆ ಇನ್ನೆಷ್ಟು ಹೊತ್ತಿದೆ ಎನ್ನುವುದೆಲ್ಲ ಬರುತ್ತದೆ. ಪೊನ್ನಂಪೇಟೆಯಿಂದ ಕುಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಈಶ್ವರನ ಗುಡಿ ಇದೆ. ಇವರು, ಅಂದರೆ ನಾಗೇಶ್ವರ ಭಟ್ಟರು, ಅಲ್ಲಿನ ಅರ್ಚಕರು. ಹೆಣ್ಣು ನೋಡಲು ಹೊರಡುವುದಿರಲಿ, ಬಾವಿ ತೋಡುವುದಿರಲಿ, ಜನ ಇವರು ಹೇಳಿದ ಹೊತ್ತಿಗೇ ಹೊರಡುತ್ತಾರೆ. ಹೋದ ವರ್ಷ ಎಸ್ಟೇಟಿನ ನಾಣಯ್ಯನವರು ಹೊಸ ಜೀಪಿಗೆ ಪೂಜೆ ಮಾಡಿಸಲೆಂದು ರಾಹುಕಾಲದಲ್ಲಿ ಬಂದುಬಿಟ್ಟರು. ಇವರು ಗೇಟು ತೆಗೆಯಲಿಲ್ಲ. ಪಾಪ, ನಾಣಯ್ಯನವರು ಜೀಪಿನಲ್ಲೇ ಒರಗಿ ನಿದ್ದೆ ಹೋದರು. ಅವರ ಗೊರಕೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ನಾನು ಪದ್ಮಾಕ್ಷಿ. ಮೂವತ್ತು ವರ್ಷದಿಂದ ಇವರ ಹೆಂಡತಿಯಾಗಿ ಇವರ ಗಡಿಯಾರದೊಳಗೇ ಬದುಕಿದ್ದೇನೆ. ಬೆಳಿಗ್ಗೆ ನೈವೇದ್ಯದ ಅನ್ನ, ಮಧ್ಯಾಹ್ನ ಇನ್ನೊಂದು ನೈವೇದ್ಯ, ಸಂಜೆ ಮತ್ತೆ ಗುಡಿಯ ಪಾತ್ರೆ ತಿಕ್ಕುವುದು. ಅದರ ಮೇಲೆ ಅತ್ತೆ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಅವರು ಮಲಗಿ ಎರಡು ವರ್ಷವಾಯಿತು. ಅವರನ್ನು ಎತ್ತಿ ಕೂರಿಸಬೇಕು, ಮಗ್ಗುಲು ತಿರುಗಿಸಬೇಕು, ಬೆನ್ನು ಒರೆಸಬೇಕು. ನಾನು ಪೊನ್ನಂಪೇಟೆಯ ಶಾಲೆಯ ಕೆಲಸ ಬಿಟ್ಟದ್ದೂ ಅದಕ್ಕೇ. ಸುಸ್ತು ಅನ್ನುವುದು ಈಗ ನನಗೆ ಸೀರೆಯ ಹಾಗೆ, ಬೆಳಿಗ್ಗೆ ಎದ್ದವಳೇ ಉಡುತ್ತೇನೆ.

ನಮ್ಮ ಮಗಳು ಆಶ್ರಿತಾ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೇ ಓದಿದವಳು. ಓದು ಮುಗಿಸಿ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಕಾಡಿನ ಇಲಾಖೆಯ ಕೆಲಸಕ್ಕೆ ಸೇರಿದಳು. ಆ ಊರಿಗೆ ಈಗ ಬೇರೆ ಹೆಸರಿಟ್ಟಿದ್ದಾರಂತೆ, ನಮ್ಮ ಬಾಯಿಗೆ ಹಳೆಯದೇ ಬರುತ್ತದೆ. ಅಳಿಯ ವಿವೇಕ್ ಬ್ಯಾಂಕಿನಲ್ಲಿ ಅಧಿಕಾರಿ. ಮದುವೆಯಾದ ಮೇಲೆ ಹೆಂಡತಿಯ ಹತ್ತಿರಕ್ಕೆ ವರ್ಗ ಮಾಡಿಕೊಡಿ ಎಂದು ಅರ್ಜಿ ಹಾಕಿದ. ಬ್ಯಾಂಕಿನವರು ಅವನನ್ನು ಲಕ್ಷದ್ವೀಪದ ಅಗತ್ತಿಗೆ ಹಾಕಿದರು. ಹೆಂಡತಿ ಇರುವುದು ದ್ವೀಪದಲ್ಲಿ, ಗಂಡನಿಗೂ ಒಂದು ದ್ವೀಪ ಕೊಟ್ಟರೆ ಆಯಿತಲ್ಲ ಎಂದುಕೊಂಡಿರಬೇಕು, ಯಾವ ಪುಣ್ಯಾತ್ಮನೋ. ಅವಳಿರುವುದು ದೇಶದ ಮೂಡಣ ಸಮುದ್ರದಲ್ಲಿ, ಅವನಿರುವುದು ಪಡುವಣ ಸಮುದ್ರದಲ್ಲಿ. ವಿವೇಕನ ಅಮ್ಮ ಮಡಿಕೇರಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ಅವರಿಗೆ ಯಾವ ಹಟವೂ ಇಲ್ಲ, ಎಲ್ಲದಕ್ಕೂ ‘ನಿಮ್ಮ ಮನೆಯ ಪದ್ಧತಿ ಹೇಗೋ ಹಾಗೆ ಮಾಡಿ’ ಅನ್ನುತ್ತಾರೆ.

ಆಶ್ರಿತಾಗೆ ತಿಂಗಳು ನಿಂತಿತು ಎಂದು ತಿಳಿದ ದಿನ ನಾನು ಅತ್ತೆಯ ಕಿವಿಯಲ್ಲಿ ಹೇಳಿ ಇಬ್ಬರೂ ಅತ್ತೆವು. ಮೂರನೇ ತಿಂಗಳಿಗೇ ಅವಳು ಫೋನಿನಲ್ಲಿ, ಅಮ್ಮ ಬರಲಾ, ಇಲ್ಲಿ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಒಂದು ತಿಂಗಳು ರಜೆ ಹಾಕಿ ಬರಲಾ ಎಂದು ಕೇಳಿದ್ದಳು. ಇವರು ಬೇಡವೆಂದರು. ಮೂರರಲ್ಲಿ ಪ್ರಯಾಣ ಸಲ್ಲದು. ಐದರಲ್ಲಿ ಕೇಳಿದಳು. ಆಗ ಅವಳ ನಕ್ಷತ್ರಕ್ಕೆ ಯಾವುದೋ ಗ್ರಹ ಅಡ್ಡ ಇತ್ತು. ಏಳರಲ್ಲಿ ಸೀಮಂತ ಮಾಡಿ ಕ್ರಮವಾಗಿ ಕರೆದುಕೊಂಡು ಬರುವುದು ಎಂದು ಇವರು ತೀರ್ಮಾನ ಕೊಟ್ಟರು. ಅವಳು ಹೂಂ ಅಂದಳು. ನಾನೂ ಹೂಂ ಅಂದೆ. ಈ ಮನೆಯಲ್ಲಿ ಇವರು ಹೇಳಿದ ದಿನಕ್ಕೆ ಯಾರೂ ಉಹೂಂ ಅಂದದ್ದಿಲ್ಲ.

ಕರೆದುಕೊಂಡು ಬರುವವರು ಯಾರು ಎನ್ನುವುದೇ ಪ್ರಶ್ನೆಯಾಯಿತು. ಅರ್ಚಕರು ಸಮುದ್ರ ದಾಟುವ ಹಾಗಿಲ್ಲ, ಇವರು ಹೋಗುವುದಿಲ್ಲ. ಅತ್ತೆಯನ್ನು ಬಿಟ್ಟು ನಾನು ಎರಡು ದಿನ ಕುಟ್ಟಕ್ಕೂ ಹೋಗುವ ಹಾಗಿಲ್ಲ. ಅವಳೊಬ್ಬಳೇ ಬರಲಿ ಎಂದರೆ ಅದಕ್ಕೂ ನಮ್ಮ ಮನೆಯಲ್ಲಿ ಒಂದು ಪದ್ಧತಿ ಅಡ್ಡ ಬರುತ್ತದೆ. ಬಸುರಿ ನೀರು ದಾಟುವಾಗ ಗಂಡ ಅವಳ ಕೈ ಹಿಡಿದಿರಬೇಕು.

ಆ ಪದ್ಧತಿ ನನಗೆ ಚೆನ್ನಾಗಿ ಗೊತ್ತು. ನನ್ನ ತವರು ನೆಲ್ಯಹುದಿಕೇರಿ. ಸಿದ್ದಾಪುರದಿಂದ ಕಾವೇರಿ ಸೇತುವೆ ದಾಟಿದರೆ ನಮ್ಮೂರು. ಆಶ್ರಿತಾ ಹೊಟ್ಟೆಯಲ್ಲಿದ್ದಾಗ ಇವರು ನನ್ನನ್ನು ತವರಿಗೆ ಬಿಡಲು ಬಂದವರು ಸೇತುವೆಯ ಈಚೆಗೆ ಬಸ್ಸು ನಿಲ್ಲಿಸಿದರು. ನನ್ನನ್ನು ಕೆಳಗಿಳಿಸಿ, ಕೈ ಹಿಡಿದು, ಸೇತುವೆಯ ಮೇಲೆ ನಡೆಸಿಕೊಂಡು ಹೋದರು. ನಡುವೆ ನಿಂತು ಎಲೆ ಅಡಿಕೆ ಹೊಳೆಗೆ ಬಿಟ್ಟರು. ಬಸ್ಸು ನಮ್ಮ ಹಿಂದೆಯೇ ತೆವಳಿಕೊಂಡು ಬರುತ್ತಿತ್ತು. ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ. ಕಿಟಕಿಗಳಲ್ಲೆಲ್ಲ ಬರೀ ಹಲ್ಲು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೆ ಸುಳ್ಳೇಕೆ ಹೇಳಲಿ, ಇವರು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ಅದೊಂದೇ ಸಲ. ಆ ಕೈಯ ಬಿಸಿ ಇನ್ನೂ ನೆನಪಿದೆ.

ಹಾಗಾಗಿ ವಿವೇಕನೇ ಹೋಗಿ ಅವಳನ್ನು ಕರೆತರಬೇಕು. ಅದಕ್ಕೂ ಒಂದು ಕೊಕ್ಕೆ ಇತ್ತು. ಹೆಂಡತಿ ಬಸುರಿಯಾಗಿರುವಾಗ ಗಂಡ ಹಡಗು ಹತ್ತಬಾರದಂತೆ. ಸಮುದ್ರದ ನಡುವೆ ಕೂತಿರುವ ಹುಡುಗ ಹಡಗು ಹತ್ತದೆ ಇನ್ನೇನು ಹತ್ತಬೇಕು, ತೆಂಗಿನ ಮರವೇ ಎಂದು ಕೇಳಿದೆ. ಇವರು ಸಿಟ್ಟಾಗಲಿಲ್ಲ. ಯೋಚಿಸಿ, ವಿಮಾನ ನೀರು ಮುಟ್ಟುವುದಿಲ್ಲ, ಆಗಬಹುದು ಎಂದರು.

ಆಮೇಲೆ ಇವರು ಫೋನು ಹಿಡಿದು ಜಗಲಿಯಲ್ಲಿ ಕೂತರು. ಎರಡು ಊರಿನ ಹೆಸರು ಕೊಟ್ಟರೆ ವಿಮಾನದ ದೂರವನ್ನೂ ಹೊತ್ತನ್ನೂ ತೋರಿಸುವ ಒಂದು ಪುಟ ಇದೆಯಂತೆ, ಅದು ಸಿಕ್ಕಿತು. ನನ್ನನ್ನು ಕರೆದರು. ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದೆ. ಅಗತ್ತಿ ವಿಮಾನ ನಿಲ್ದಾಣದಿಂದ ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣಕ್ಕೆ ಎರಡು ಸಾವಿರದ ಇನ್ನೂರ ನಲವತ್ತು ಕಿಲೋಮೀಟರು, ಹಾರಾಟದ ಸಮಯ ಮೂರು ಗಂಟೆ ಹದಿನೆಂಟು ನಿಮಿಷ. ಕೆಳಗೆ ನಕ್ಷೆ. ಎರಡು ಚುಕ್ಕಿ, ನಡುವೆ ಒಂದು ಗೆರೆ. ಇವರು ಬೆರಳಿನಿಂದ ನಕ್ಷೆ ಹಿಗ್ಗಿಸಿ ಗೆರೆ ಎಲ್ಲಿ ಹಾಯುತ್ತದೆಂದು ತೋರಿಸಿದರು. ಕುಟ್ಟದಿಂದ ಸ್ವಲ್ಪ ತೆಂಕಕ್ಕೆ, ಗಡಿಯ ಆಚೆ.

‘‘ನೋಡು ಪದ್ಮಾ, ಹೆಚ್ಚುಕಮ್ಮಿ ನಮ್ಮ ತಲೆ ಮೇಲೇ ಹಾರ್ಕೊಂಡು ಹೋಗ್ತಾನೆ,’’ ಎಂದರು. ಇವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡು ಬಹಳ ಕಾಲವಾಗಿತ್ತು.

ಕೊಡಗಿನವರಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ನಮಗೆ ಗೊತ್ತಿರುವುದು ಬಸ್ಸು. ಬಸ್ಸಿನ ಮೇಲೆ ಬರೆದ ಹೊತ್ತಿಗೆ ಬಸ್ಸು ಬರುವುದಿಲ್ಲ ಎನ್ನುವುದು ಇವರಿಗೂ ಗೊತ್ತು. ಆದರೆ ಇದು ಬಸ್ಸಿನ ಬೋರ್ಡಲ್ಲವಲ್ಲ. ಗಂಟೆ ನಿಮಿಷ ಸಮೇತ ಲೆಕ್ಕ ಹಾಕಿ ಬರೆದದ್ದು. ಇವರ ಮಟ್ಟಿಗೆ ಲೆಕ್ಕ ಹಾಕಿ ಬರೆದದ್ದೆಲ್ಲ ಪಂಚಾಂಗವೇ. ಪಂಚಾಂಗದಲ್ಲಿ ಗ್ರಹಣ ಇಷ್ಟು ಹೊತ್ತಿಗೆ ಹಿಡಿಯುತ್ತದೆ ಎಂದು ಬರೆದಿದ್ದರೆ ಹಿಡಿಯುತ್ತದೆ. ಯಾವತ್ತೂ ತಪ್ಪಿದ್ದಿಲ್ಲ. ವಿಮಾನವೂ ಹಾಗೇ ಎಂದು ಇವರು ನಂಬಿದರು. ಇವರನ್ನು ನಂಬಿ ನಂಬಿ ಅಭ್ಯಾಸವಾದ ನಾನೂ ನಂಬಿದೆ.

ದಿನ ಹುಡುಕಿದರು. ಮುಂದಿನ ಭಾನುವಾರದಿಂದ ಅಧಿಕ ಮಾಸ, ಆ ತಿಂಗಳಿಡೀ ಏನೂ ಆಗುವಂತಿಲ್ಲ. ಬೇರೆಯವರ ಶಾಸ್ತ್ರದಲ್ಲಿ ಹೇಗಿದೆಯೋ, ಇವರ ಶಾಸ್ತ್ರದಲ್ಲಿ ಇಲ್ಲ. ಆಶ್ರಿತಾಳ ಡಾಕ್ಟರು ವಿಮಾನಕ್ಕೆ ಚೀಟಿ ಬರೆದು ಕೊಡುವುದು ಇಪ್ಪತ್ತನೇ ತಾರೀಕಿನವರೆಗೆ ಮಾತ್ರ, ಆಮೇಲೆ ಹತ್ತಿಸುವುದಿಲ್ಲ ಎಂದಿದ್ದರು. ಹಾಗಾಗಿ ಅಧಿಕ ಮಾಸಕ್ಕೆ ಮೊದಲಿನ ಬುಧವಾರ ಗೊತ್ತಾಯಿತು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಅಗತ್ತಿ ಬಿಡುವುದು, ಹನ್ನೆರಡು ಇಪ್ಪತ್ತೆಂಟಕ್ಕೆ ಪೋರ್ಟ್ ಬ್ಲೇರ್. ಗುರುವಾರ ಅವಳ ಕ್ವಾರ್ಟರ್ಸಿನಲ್ಲೇ ಚಿಕ್ಕದಾಗಿ ಸೀಮಂತ. ಶುಕ್ರವಾರ ಹೊರಟು ಊರಿಗೆ. ಇವರು ವಿವೇಕನಿಗೆ ಫೋನು ಮಾಡಿ ಇಷ್ಟನ್ನೂ ಒಪ್ಪಿಸಿದರು. ಆ ಕಡೆಯಿಂದ ‘ಆಯ್ತು ಮಾವ’ ಎಂದು ಬಂತು. ವಿವೇಕ ಮಾತು ಕಡಿಮೆ, ಬಹಳ ಮರ್ಯಾದೆಯ ಹುಡುಗ. ಆ ಮರ್ಯಾದೆಯೇ ನಮಗೆ ಮುಳುವಾಯಿತು.

ಬುಧವಾರ ಬೆಳಿಗ್ಗೆ ಇವರು ಪೂಜೆ ಬೇಗ ಮುಗಿಸಿದರು. ಒಂಬತ್ತು ಹತ್ತಕ್ಕೆ ಈಗ ಹೊರಟ ಎಂದರು. ನಾನು ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಅರ್ಧ ಗಂಟೆ ಕಳೆದಿರಬೇಕು, ಇವರು ಅಂಗಳಕ್ಕೆ ಇಳಿದು ತೆಂಕಕ್ಕೆ ಮುಖ ಮಾಡಿ ಆಕಾಶ ನೋಡುತ್ತ ನಿಂತರು. ಮೋಡ ಕವಿದಿತ್ತು. ನಮ್ಮ ಅದೃಷ್ಟಕ್ಕೆ ಅದೇ ಹೊತ್ತಿಗೆ ಮೇಲೆ ಎಲ್ಲೋ ಒಂದು ವಿಮಾನದ ಸದ್ದು ಕೇಳಿತು. ಕಣ್ಣೂರಿಗೆ ಬಂದದ್ದೋ, ಎಲ್ಲಿಗೆ ಹೊರಟದ್ದೋ. ಇವರು ಹೊದ್ದ ಶಲ್ಯ ಸರಿ ಮಾಡಿಕೊಂಡು ಕೈ ಮುಗಿದರು. ನಾನು ಒಳಗಿನಿಂದ ನೋಡುತ್ತಿದ್ದೆ. ಗಂಜಿಯ ಲೋಟ ಕೆಳಗಿಟ್ಟು ನಾನೂ ಕೈ ಮುಗಿದೆ. ಮಗಳು ಇನ್ನು ಎರಡು ದಿನಕ್ಕೆ ಮನೆಗೆ ಬರುತ್ತಾಳೆ ಎಂದು ಹೊಟ್ಟೆಗೆ ಹಾಲು ಹೊಯ್ದ ಹಾಗಿತ್ತು.

ಹನ್ನೆರಡೂವರೆಗೆ ಆಶ್ರಿತಾಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿಟ್ಟು, ಇಳಿದನಾ ಎಂದು ಕೇಳಿದರು.

‘‘ಅಪ್ಪ, ವಿವೇಕ್ ಇನ್ನೂ ಅಗತ್ತೀಲೇ ಇದಾರೆ.’’

ಇವರ ಮುಖ ನೋಡಲು ನನಗೆ ಆಗಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು ಗುಡಿಗೆ ನಡೆದರು. ನಾನು ನೇರ ವಿವೇಕನಿಗೇ ಹಚ್ಚಿದೆ. ಪಾಪ, ಆ ಹುಡುಗ ತಪ್ಪು ಮಾಡಿದವನ ಹಾಗೆ ತಡವರಿಸುತ್ತಿದ್ದ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಎಲ್ಲ ಹೊರಗೆ ಬಂತು.

‘‘ಅತ್ತೆ, ಅಂಥ ವಿಮಾನವೇ ಇಲ್ಲ. ಅದು ನಕ್ಷೆ ಮೇಲೆ ಗೆರೆ ಎಳೆದು ಹಾಕಿದ ಲೆಕ್ಕ. ಯಾವ ಎರಡು ಊರು ಕೊಟ್ಟರೂ ಹಾಕಿಕೊಡುತ್ತೆ.’’

ನಿಜವಾದ ದಾರಿ ಹೀಗಂತೆ. ಅಗತ್ತಿಯಿಂದ ಚಿಕ್ಕ ವಿಮಾನದಲ್ಲಿ ಕೊಚ್ಚಿ. ಅಲ್ಲಿ ಕಾದು ಚೆನ್ನೈ. ಅಲ್ಲಿ ರಾತ್ರಿ ಉಳಿದು ಮಾರನೆಯ ದಿನ ಪೋರ್ಟ್ ಬ್ಲೇರ್. ಎಲ್ಲ ನೆಟ್ಟಗಾದರೆ ಎರಡು ದಿನ. ಮಾವನ ಮಾತು ತೆಗೆದುಹಾಕುವುದು ಹೇಗೆಂದು ಅವನು ಬಾಯಿ ಬಿಡದೆ, ಬುಧವಾರಕ್ಕೆ ಮುಟ್ಟುವ ಹಾಗೆ ಸೋಮವಾರಕ್ಕೇ ಟಿಕೆಟು ಮಾಡಿಸಿದ್ದನಂತೆ. ಸೋಮವಾರ ಸಮುದ್ರದಲ್ಲಿ ಬಿರುಗಾಳಿ, ವಿಮಾನ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಇವತ್ತು ಬಂದದ್ದು ಮೇಲೆ ಒಂದು ಸುತ್ತು ಹಾಕಿ ವಾಪಸು ಹೋಯಿತಂತೆ.

ಅಯ್ಯೋ ಪುಣ್ಯಾತ್ಮ, ಇದನ್ನು ಅವತ್ತೇ ಒಂದು ಮಾತು ಹೇಳಬಾರದಿತ್ತಾ ಎಂದೆ. ಮಾವ ಅಷ್ಟು ಸಂತೋಷದಲ್ಲಿದ್ದರು ಅತ್ತೆ ಎಂದ. ಅವನನ್ನು ಬೈಯಲು ನನಗೆ ಯಾವ ಮುಖ ಇದೆ? ನಾನೂ ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳು.

ಸಂಜೆ ಇವರಿಗೆ ಹೇಳಿದೆ. ಅಂಥ ವಿಮಾನವೇ ಇಲ್ಲವಂತೆ ಎಂದೆ. ಇವರು ಒಪ್ಪಬೇಕಲ್ಲ. ದೂರ ಸುಳ್ಳೇ, ಇಲ್ಲ. ಹೊತ್ತು ಸುಳ್ಳೇ, ಇಲ್ಲ. ಮೋಡ ಮುಚ್ಚಿ ಗ್ರಹಣ ಕಾಣದಿದ್ದರೆ ಗ್ರಹಣದ ಲೆಕ್ಕ ತಪ್ಪೇ ಎಂದು ನನ್ನನ್ನೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಆ ದಿನ ಗುಡಿಯ ಹಿತ್ತಾಳೆ ಎಂದೂ ಇಲ್ಲದಷ್ಟು ಹೊಳೆಯಿತು.

ಗುರುವಾರ ಅಗತ್ತಿಗೆ ವಿಮಾನ ಬರಲಿಲ್ಲ. ಶುಕ್ರವಾರ, ಶನಿವಾರವೂ ಇಲ್ಲ. ಭಾನುವಾರ ಅಧಿಕ ಮಾಸ ಕೂತಿತು. ಇವರು ಪಂಚಾಂಗ ಮುಚ್ಚಿ ಗೂಡಿನಲ್ಲಿಟ್ಟು, ಇನ್ನು ಮುಂದಿನ ತಿಂಗಳ ಹದಿನೈದರ ಮೇಲೆಯೇ ಎಂದರು. ಆ ಹೊತ್ತಿಗೆ ಅವಳಿಗೆ ಎಂಟು ತುಂಬಿ ಒಂಬತ್ತರಲ್ಲಿರುತ್ತದೆ, ವಿಮಾನಕ್ಕೆ ಹತ್ತಿಸುವುದಿಲ್ಲ ಎಂದು ನಾನು ನೆನಪಿಸಿದೆ. ಇವರು ಒಳಗೆ ಹೋಗಿ ತಾಯಿಯ ಕಾಲು ಒತ್ತುತ್ತ ಕೂತರು. ಅತ್ತೆ ದಿನವೂ ಕೇಳುವ ಹಾಗೆ ಅವತ್ತೂ ಕೇಳಿದರು, ಹುಡುಗಿ ಬಂತೇನೋ ಎಂದು.

ಅವತ್ತು ಮಧ್ಯಾಹ್ನ ಆಶ್ರಿತಾ ಫೋನು ಮಾಡಿದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅಳು ಇದ್ದಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ.

‘‘ಬಿಡಮ್ಮ. ನಾನು ಇಲ್ಲೇ ಹೆರ್ತೀನಿ. ಪಕ್ಕದ ಮನೆ ದಿವ್ಯ ಇದಾರೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ನಂಗೆ ಕಾದು ಕಾದು ಸಾಕಾಗಿದೆ.’’

ಸಾಕಾಗಿದೆ ಎಂಬ ಮಾತು ನನ್ನದು. ದಿನಕ್ಕೆ ಹತ್ತು ಸಲ ನನ್ನೊಳಗೇ ಹೇಳಿಕೊಳ್ಳುವ ಮಾತು ಅದು. ಇಪ್ಪತ್ತೆಂಟು ವರ್ಷದ ಮಗಳ ಬಾಯಲ್ಲಿ, ಅದೇ ರಾಗದಲ್ಲಿ ಬಂದಿತ್ತು. ಅವಳು ಅಲ್ಲಿ ಯಾರೋ ಪರವೂರಿನವರ ಕೈಯಲ್ಲಿ ನೋವು ತಿನ್ನುವುದು, ನಾನು ಇಲ್ಲಿ ನೈವೇದ್ಯದ ಅನ್ನ ಬಸಿಯುವುದು. ಬಾಣಂತಿಗೆ ಒಂದು ಲೋಟ ಬಿಸಿನೀರು ಕೊಡಲು ತಾಯಿ ಇರುವುದಿಲ್ಲ. ಆಸ್ಪತ್ರೆಗೇನು, ಅಲ್ಲೂ ಒಳ್ಳೆಯದೇ ಇರಬಹುದು. ಆದರೆ ಅವಳು ಮೂರನೇ ತಿಂಗಳಿಂದ ಕೇಳುತ್ತಿರುವುದು ಆಸ್ಪತ್ರೆಯನ್ನಲ್ಲ, ನನ್ನನ್ನು.

ಜಗಲಿಯಲ್ಲಿ ಇವರ ಫೋನು ಇತ್ತು. ತೆಗೆದು ಆ ಪುಟ ನೋಡಿದೆ. ಆ ಎರಡು ಚುಕ್ಕಿ, ಆ ಗೆರೆ. ಅದನ್ನು ನೋಡುತ್ತ ನೋಡುತ್ತ ನನಗೆ ನನ್ನ ಬುದ್ಧಿಯ ಮೇಲೇ ಸಿಟ್ಟು ಬಂತು. ನಾವು ಇಷ್ಟು ದಿನ ಒಂದು ದ್ವೀಪದವನನ್ನು ಇನ್ನೊಂದು ದ್ವೀಪಕ್ಕೆ ಕಳಿಸಲು ಒದ್ದಾಡಿದೆವು. ಅವನು ಅಲ್ಲಿಗೆ ಹೋಗಿ ಅವಳನ್ನು ಕರೆದುಕೊಂಡು ಮತ್ತೆ ಇಲ್ಲಿಗೇ ಬರಬೇಕು. ಗೆರೆಯ ನಡುವೆ ಇರುವವರು ನಾವು. ಇಬ್ಬರೂ ಅವರವರ ಕಡೆಯಿಂದ ನೇರ ಮನೆಗೆ ಬಂದರೆ ಮುಗಿಯಿತಲ್ಲ! ಪೋರ್ಟ್ ಬ್ಲೇರಿನಿಂದ ಬೆಂಗಳೂರಿಗೆ ನಿಜವಾಗಿಯೂ ಒಂದು ವಿಮಾನ ಇದೆ. ಅಗತ್ತಿಯಿಂದ ಕೊಚ್ಚಿಗೆ ಹಡಗು ಇದೆ. ಇದಕ್ಕೆ ಅಡ್ಡ ಇದ್ದದ್ದು ಸಮುದ್ರವಲ್ಲ, ನಮ್ಮ ಪದ್ಧತಿ.

ಆಶ್ರಿತಾಗೆ ಹಚ್ಚಿದೆ. ಮಂಗಳವಾರದ ವಿಮಾನಕ್ಕೆ ಟಿಕೆಟು ಮಾಡು, ಒಬ್ಬಳೇ ಬಾ ಎಂದೆ. ತಾರೀಕು ಹತ್ತೊಂಬತ್ತು, ಡಾಕ್ಟರ ಚೀಟಿ ಇನ್ನೂ ನಡೆಯುತ್ತದೆ. ಆದರೆ ಮಂಗಳವಾರ, ಅದೂ ಅಧಿಕ ಮಾಸದಲ್ಲಿ. ಅಪ್ಪ ಏನಂದ್ರು ಎಂದು ಕೇಳಿದಳು. ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಬಾ ಎಂದೆ. ಆಗ ಅತ್ತಳು. ವಿವೇಕನಿಗೂ ಹೇಳಿದೆ, ಹಡಗು ಹತ್ತಪ್ಪ, ಏನಾದರೂ ದೋಷ ಇದ್ದರೆ ನನ್ನ ತಲೆಗೆ ಬರಲಿ. ಅವನು ಒಂದೇ ಮಾತಿಗೆ ಒಪ್ಪಿದ. ಮಾವನಿಗೆ ಮಾತ್ರ ಹೇಳಬೇಡಿ ಎಂದ.

ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅವಳನ್ನು ಕರೆತರಲು ನಮ್ಮೂರಿನ ಅಭಿಲಾಷನ ಕಾರು ಗೊತ್ತು ಮಾಡಿದೆ. ಅವನು ಕೂಲಿಯವರನ್ನು ಎಸ್ಟೇಟಿಗೆ ಸಾಗಿಸುವ ಜೀಪನ್ನೂ ಓಡಿಸುತ್ತಾನೆ, ಬಾಡಿಗೆ ಕಾರನ್ನೂ ಓಡಿಸುತ್ತಾನೆ, ಜೋಪಾನದ ಕೈ. ಸಂಜೆಯ ಮೇಲೆ ತಿತಿಮತಿಯ ಕಾಡಿನ ರಸ್ತೆಯಲ್ಲಿ ಆನೆಯ ಕಾಟ, ಆದ್ದರಿಂದ ಮಂಗಳವಾರ ಮೈಸೂರಿನ ನನ್ನ ತಮ್ಮ ವಿಷ್ಣುಪ್ರಸಾದನ ಮನೆಯಲ್ಲಿ ಉಳಿದು ಬುಧವಾರ ಬೆಳಿಗ್ಗೆ ಹೊರಡುವುದೆಂದಾಯಿತು.

ಇವರಿಗೆ ಸೋಮವಾರ ಊಟಕ್ಕೆ ಬಡಿಸುವಾಗ ಹೇಳಿದೆ. ಮಗಳು ನಾಳೆ ಹೊರಡುತ್ತಾಳೆ, ಒಬ್ಬಳೇ ಬರುತ್ತಾಳೆ, ನಾನೇ ಹೇಳಿದ್ದು. ಹಡಗಿನ ಸುದ್ದಿ ಎತ್ತಲಿಲ್ಲ. ಇವರು ಸಾರಿನ ಅನ್ನ ಮುಗಿಸಿದರು, ಮಜ್ಜಿಗೆಯ ಅನ್ನವನ್ನೂ ಮುಗಿಸಿದರು. ಕೈ ತೊಳೆದು ಎದ್ದರು. ಒಂದು ಮಾತಿಲ್ಲ. ಮಂಗಳವಾರವಿಡೀ ಮಾತಿಲ್ಲ. ಬೈದಿದ್ದರೂ ಬೇಕಿತ್ತು. ನಾನು ಅತ್ತೆಯ ಬೆನ್ನು ಒರೆಸುತ್ತ, ಪಾತ್ರೆ ತಿಕ್ಕುತ್ತ, ಇವರು ಏನಂದರೆ ನಾನು ಏನನ್ನಬೇಕು ಎಂದು ಮನಸ್ಸಿನಲ್ಲೇ ಜಗಳದ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಮೂವತ್ತು ವರ್ಷದ ಮಾತು ಕೂಡಿಟ್ಟಿದ್ದೆ. ಒಂದೊಂದನ್ನೇ ಹೊರತೆಗೆದು ನೋಡಿಕೊಂಡೆ, ಯಾವುದೂ ಹಳಸಿರಲಿಲ್ಲ.

ಬುಧವಾರ ಅವರು ಬೆಳಿಗ್ಗೆ ಎಂಟಕ್ಕೆ ಮೈಸೂರು ಬಿಟ್ಟರೆ ಹನ್ನೊಂದರೊಳಗೆ ಬಂದು ಸೇರಬೇಕು. ಹನ್ನೊಂದಾಯಿತು, ಬರಲಿಲ್ಲ. ಗೋಣಿಕೊಪ್ಪದ ಹತ್ತಿರ ಮರ ಬಿದ್ದು ರಸ್ತೆ ಕಟ್ಟಿದೆಯಂತೆ. ಹನ್ನೆರಡು ಹೊಡೆಯಿತು. ಬುಧವಾರದ ರಾಹುಕಾಲ ಹನ್ನೆರಡರಿಂದ ಒಂದೂವರೆ. ಈ ಮನೆಯಲ್ಲಿ ಅದು ಬೆಕ್ಕಿಗೂ ಗೊತ್ತು. ರಾಹುಕಾಲದಲ್ಲಿ ಈ ಗೇಟಿನೊಳಗೆ ಮದುಮಗಳು ಬಂದದ್ದಿಲ್ಲ, ಬಾಣಂತಿ ಬಂದದ್ದಿಲ್ಲ, ನಾಣಯ್ಯನವರ ಜೀಪೂ ಬಂದದ್ದಿಲ್ಲ.

ಕಾರಿನ ಸದ್ದು ಕೇಳಿ ನಾನು ಆರತಿಯ ತಟ್ಟೆಗೆ ಕೆಂಪು ನೀರು ಕದಡಿಕೊಂಡು ಓಡಿದೆ. ಇವರು ಆಗಲೇ ಗೇಟಿನ ಹತ್ತಿರ ನಿಂತಿದ್ದರು. ಗುಡಿಯಿಂದ ಯಾವಾಗ ಬಂದರೋ. ಗೇಟು ಮುಚ್ಚಿತ್ತು, ಇವರ ಕೈ ಅದರ ಚಿಲಕದ ಮೇಲಿತ್ತು. ಆಯಿತು, ನಿಲ್ಲಿಸುತ್ತಾರೆ ಎಂದುಕೊಂಡೆ. ಕೂಡಿಟ್ಟ ಮಾತುಗಳಲ್ಲಿ ಮೊದಲನೆಯದು ನಾಲಿಗೆಯ ತುದಿಗೆ ಬಂತು.

ಅಭಿಲಾಷ ಇಳಿದು ಹಿಂದಿನ ಬಾಗಿಲು ತೆಗೆಯುತ್ತ, ತಡವಾಯಿತೆಂದು ಬೈಸಿಕೊಳ್ಳುವ ಮೊದಲೇ ಹೇಳಿಬಿಟ್ಟ.

‘‘ನಂದೇನು ತಪ್ಪಿಲ್ಲ ಭಟ್ರೇ. ನಿನ್ನೆಯಿಂದ ನೀವು ಎಲ್ಲಿದ್ದೀಯ ಎಲ್ಲಿದ್ದೀಯ ಅಂತ ಫೋನ್ ಮಾಡಿದಾಗೆಲ್ಲ ಹೇಳಿದೀನಲ್ಲ. ಹಂಪ್ಸಲ್ಲಿ ನಿಧಾನ ಹೋಗು ಅಂದ್ರಿ, ಹೋದೆ. ಶ್ರೀರಂಗಪಟ್ಣದ ಸೇತುವೇಲಿ ಎಲೆ ಅಡಿಕೆ ಬಿಡು ಅಂದ್ರಿ, ಬಿಟ್ಟೆ.’’

ನಾನು ತಟ್ಟೆ ಹಿಡಿದು ಕಣ್ಣು ಕಣ್ಣು ಬಿಟ್ಟೆ. ನಿನ್ನೆಯಿಡೀ ನನ್ನ ಜೊತೆ ಒಂದು ಮಾತಾಡದ ಮನುಷ್ಯ ಗುಡಿಯೊಳಗೆ ಕೂತು ಇದನ್ನು ಮಾಡುತ್ತಿದ್ದರೇ? ಊರಿಗೆಲ್ಲ ಹೊತ್ತು ಹೇಳುವವರು ಬಾಡಿಗೆ ಕಾರಿನವನನ್ನು ಹೊತ್ತು ಕೇಳುತ್ತಿದ್ದರೇ?

ಆಶ್ರಿತಾ ಇಳಿದಳು. ಕಾಲು ಊದಿ ಚಪ್ಪಲಿ ಹಿಡಿಯದೆ ಕೈಯಲ್ಲಿ ಹಿಡಿದಿದ್ದಳು. ಕಣ್ಣಿನ ಸುತ್ತ ಕಪ್ಪು. ಹೊಟ್ಟೆಯೊಂದು ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಗೇಟಿನ ಆಚೆಗೆ, ನಾಣಯ್ಯನವರ ಜೀಪು ನಿಂತ ಜಾಗದಲ್ಲೇ ಬಂದು ನಿಂತಳು. ಅವಳಿಗೂ ಗೊತ್ತು ರಾಹುಕಾಲ. ಯಾರೂ ಹೇಳದೆಯೇ ನಿಂತಳು.

ಇವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘‘ಎಷ್ಟು ಹೊತ್ತು ಹಿಡೀತು ಮಗಳೇ?’’

‘‘ಮೂರನೇ ತಿಂಗಳಿಂದ ಹೊರಟೇ ಇದೀನಿ ಅಪ್ಪ,’’ ಎಂದಳು.

ಅದರಲ್ಲಿ ಸಿಟ್ಟು ಇರಲಿಲ್ಲ, ಕೊಂಕೂ ಇರಲಿಲ್ಲ. ಸುಸ್ತಾದವಳು ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದಳು, ಅಷ್ಟೆ. ಇವರು ಚಿಲಕ ತೆಗೆದರು.

ನಮ್ಮ ಗೇಟಿನ ಮುಂದೆ ಒಂದು ಚರಂಡಿ, ಅದರ ಮೇಲೆ ಒಂದು ಕಲ್ಲು ಚಪ್ಪಡಿ. ಬೆಳಗಿನ ಮಳೆಯ ನೀರು ಅದರಲ್ಲಿ ಕೆಂಪಗೆ ಹರಿಯುತ್ತಿತ್ತು. ಇವರು ಚಪ್ಪಡಿ ದಾಟಿ ಆಚೆ ಹೋದರು. ಸೊಂಟದಿಂದ ಎಲೆ ಅಡಿಕೆ ತೆಗೆದು ಚರಂಡಿಯ ನೀರಿಗೆ ಬಿಟ್ಟರು. ಮಗಳ ಕೈ ಹಿಡಿದರು. ಅವತ್ತು ಸೇತುವೆಯ ಮೇಲೆ ನನ್ನ ಕೈ ಹಿಡಿದ ಹಾಗೆಯೇ, ಬೆರಳುಗಳನ್ನೆಲ್ಲ ಮುಚ್ಚಿ ಹಿಡಿದರು. ಹನ್ನೆರಡೂ ಮುಕ್ಕಾಲಿಗೆ, ನಡು ರಾಹುಕಾಲದಲ್ಲಿ, ಒಂದೊಂದೇ ಹೆಜ್ಜೆ ಇಡಿಸಿ ಆ ಮೊಳದಗಲದ ನೀರು ದಾಟಿಸಿಕೊಂಡು ಬಂದರು.

ನನ್ನ ಮುಂದೆ ಹಾಯುವಾಗ ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದರು.

‘‘ವಿವೇಕನ ಹಡಗು ಬೆಳಿಗ್ಗೆ ಕೊಚ್ಚಿ ಮುಟ್ಟಿದೆ. ಬಸ್ಸು ಹತ್ತಿದಾನಂತೆ. ಬಂದಾಗ ಬರ್ಲಿ.’’

ಕೂಡಿಟ್ಟ ಮಾತಿನಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ಒಳಗಿನಿಂದ ಅತ್ತೆ, ಹುಡುಗಿ ಬಂತೇನೋ ಎಂದು ಕೇಳುತ್ತಿದ್ದರು. ಬಂದಳಮ್ಮ ಎಂದು ಇವರು ಕೂಗಿ ಹೇಳಿದರು. ಆರತಿಯ ತಟ್ಟೆ ನನ್ನ ಕೈಯಲ್ಲೇ ಇತ್ತು. ನಿವಾಳಿಸುವುದನ್ನು ಮರೆತೇ ಬಿಟ್ಟಿದ್ದೆ.